ಬೂಸ್ಟಿನಿಂದ ಆಹಾರದ ಬಣ್ಣ, ಅದರಲ್ಲಿ ವಿಷ ಸೇರದಂತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಎಂಬ ಕೃತಕ ಬಣ್ಣ ಬಳಸುವಂತಿಲ್ಲ ಎಂದು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶಿಸಿತು. ಜೂನ್‌ನಲ್ಲಿ ಕಬಾಬ್‌ಗೆ ಹಾಕುವ ಕೃತಕ ಬಣ್ಣಕ್ಕೂ ನಿಷೇಧ ಬಂತು. ಆಮೇಲೆ ಹೋಟೆಲಿನವರು, ಬೇಕರಿಯವರು, ಫುಡ್ ಟೆಕ್ನಾಲಜಿ ಓದುವ ಹುಡುಗರು ಎಲ್ಲರೂ ಕೇಳುವುದು ಒಂದೇ: ಹಾಗಾದರೆ ನೈಸರ್ಗಿಕವಾದ ಕೆಂಪು ಎಲ್ಲಿ ಸಿಗುತ್ತದೆ? ಶಿಲೀಂಧ್ರದಿಂದ ಬಣ್ಣ ತೆಗೆಯಬಹುದಂತೆ, ಹೌದಾ? ಹೌದು. ಆದರೆ ಅದರ ಹಿಂದೆ ಒಂದು ತಕರಾರಿದೆ: ಬಣ್ಣದ ಜೊತೆ ವಿಷವೂ ಹುಟ್ಟಬಹುದು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಆ ತಕರಾರಿನ ಬಗ್ಗೆಯೇ.

ಬೂಸ್ಟು ಹಿಡಿದದ್ದನ್ನು ಎಸೆಯುತ್ತೇವೆ. ಅದರಿಂದಲೇ ತಿನ್ನುವ ಬಣ್ಣವೇ?

ಎಲ್ಲ ಬೂಸ್ಟೂ ಒಂದೇ ಅಲ್ಲ. ಚೀನಾ, ಜಪಾನ್, ಇಂಡೊನೇಷ್ಯಾಗಳಲ್ಲಿ ಮೊನಾಸ್ಕಸ್ ಎಂಬ ಶಿಲೀಂಧ್ರವನ್ನು ಅನ್ನದ ಮೇಲೆ ಬೆಳೆಸಿ, ಕಡುಗೆಂಪಾದ ಆ ಅಕ್ಕಿಯನ್ನು ಶತಮಾನಗಳಿಂದ ಅಡುಗೆಗೆ ಬಳಸುತ್ತಿದ್ದಾರೆ. ಚೀನೀಯರು ಅದನ್ನು ಹೊಂಗ್ ಚ್ಯೂ ಎನ್ನುತ್ತಾರೆ, ಜಪಾನಿಗರು ಬೆನಿಕೋಜಿ, ಇಂಡೊನೇಷ್ಯಾದವರು ಅಂಗ್‌ಕಾಕ್. ಇಂಗ್ಲಿಷಿನಿಂದ ನಮ್ಮವರೆಗೆ ಬಂದ ಹೆಸರು ರೆಡ್ ಯೀಸ್ಟ್ ರೈಸ್, ಆದರೆ ಮೊನಾಸ್ಕಸ್ ಯೀಸ್ಟ್ ಅಲ್ಲ, ನೂಲಿನಂತೆ ಹಬ್ಬುವ ಬೂಸ್ಟು. ಫುಜಿಯನ್ ಪ್ರಾಂತ್ಯದ ಕೆಂಪು ಅಕ್ಕಿಮದ್ಯಕ್ಕೂ ಕೆಂಪು ಹುದುಗುತೋಫುವಿಗೂ ಬಣ್ಣ ಕೊಡುವುದು ಇದೇ. 1637ರ ಚೀನೀ ಕೈಗಾರಿಕಾ ಗ್ರಂಥ ‘ತಿಯಾನ್‌ಗೊಂಗ್ ಕೈವು’ ಇದನ್ನು ತಯಾರಿಸುವ ಕ್ರಮವನ್ನೇ ಬರೆದಿಟ್ಟಿದೆ. ಇದನ್ನು ಸವರಿದ ಮೀನು, ಮಾಂಸ ಬೇಸಿಗೆಯಲ್ಲೂ ಬೇಗ ಕೆಡುವುದಿಲ್ಲ ಎನ್ನುತ್ತದೆ. ಪಾಶ್ಚಾತ್ಯ ಸಸ್ಯಶಾಸ್ತ್ರಕ್ಕೆ ಮೊನಾಸ್ಕಸ್ ಕುಲವನ್ನು ಪರಿಚಯಿಸಿದ್ದು ಫ್ರೆಂಚ್ ವಿಜ್ಞಾನಿ ವಾನ್ ಟೀಗೆಮ್, 1884ರಲ್ಲಿ. ಜಾವಾದ ಕೆಂಪು ಅಕ್ಕಿಯಿಂದ ಮೊನಾಸ್ಕಸ್ ಪರ್ಪ್ಯೂರಿಯಸ್ ಅನ್ನು 1895ರಲ್ಲಿ ವಿವರಿಸಿದವರು ಡಚ್ ವಿಜ್ಞಾನಿ ವೆಂಟ್.

ಇದು ನಮ್ಮ ಕರಾವಳಿಯ ಕೆಂಪು ಕುಚ್ಚಲಕ್ಕಿಯೇ?

ಅಲ್ಲ, ಏನೇನೂ ಸಂಬಂಧವಿಲ್ಲ. ಕುಚ್ಚಲಕ್ಕಿಯ ಕೆಂಪು ಕಾಳಿನ ತವಡಿನ ಪದರದ್ದು, ಗಿಡವೇ ಕೊಟ್ಟದ್ದು. ಪಾಲಿಶ್ ಮಾಡಿದರೆ ಹೋಗುತ್ತದೆ. ಮೊನಾಸ್ಕಸ್ ಅಕ್ಕಿಗೆ ಬಳಸುವುದೇ ಪಾಲಿಶ್ ಆದ ಬಿಳಿ ಅಕ್ಕಿ.

ಬಿಳಿ ಅನ್ನ ಕೆಂಪಾಗುವುದು ಹೇಗೆ?

ಮೊನಾಸ್ಕಸ್ ಮುಖ್ಯವಾಗಿ ಆರು ಬಣ್ಣಪದಾರ್ಥಗಳನ್ನು ಮಾಡುತ್ತದೆ. ಮೊನಾಸ್ಕಿನ್, ಅಂಕಾಫ್ಲಾವಿನ್ ಹಳದಿ. ರುಬ್ರೊಪಂಕ್ಟಾಟಿನ್, ಮೊನಾಸ್ಕೊರುಬ್ರಿನ್ ಕಿತ್ತಳೆ. ರುಬ್ರೊಪಂಕ್ಟಾಮಿನ್, ಮೊನಾಸ್ಕೊರುಬ್ರಮಿನ್ ಕೆಂಪು. ಕೆಂಪು ಬಹುಪಾಲು ಕಿತ್ತಳೆಯಿಂದಲೇ ಹುಟ್ಟುತ್ತದೆ: ಕಿತ್ತಳೆ ಅಣುವಿನ ಉಂಗುರದಲ್ಲಿ ಒಂದು ಆಮ್ಲಜನಕ ಪರಮಾಣು ಇರುತ್ತದೆ, ಅಮೋನಿಯಾ ಅಥವಾ ಅಮೈನೊ ಆಮ್ಲ ಸಿಕ್ಕಿದರೆ ಆ ಜಾಗಕ್ಕೆ ಸಾರಜನಕ ಬಂದು ಕೂರುತ್ತದೆ, ಬಣ್ಣ ಕೆಂಪಿಗೆ ತಿರುಗುತ್ತದೆ. ಹಾಗಾಗಿ ಬೂಸ್ಟಿಗೆ ಯಾವ ಸಾರಜನಕ ಉಣಿಸುತ್ತೀರಿ ಎನ್ನುವುದು ಕೊನೆಗೆ ಸಿಗುವ ಛಾಯೆಯನ್ನು ನಿರ್ಧರಿಸುತ್ತದೆ. ಮೊನೊಸೋಡಿಯಂ ಗ್ಲುಟಮೇಟ್ (ಹೌದು, ಅದೇ ಅಜಿನೊಮೊಟೊ) ಕೊಟ್ಟರೆ ನೀರಿನಲ್ಲಿ ಕರಗುವ ಕೆಂಪು ಚೆನ್ನಾಗಿ ಬರುತ್ತದೆ. ಬೂಸ್ಟು ಬೆಳೆಯುವ ಮಾಧ್ಯಮದ ಆಮ್ಲತೆ ಹೆಚ್ಚಿದ್ದರೆ ಕಿತ್ತಳೆ ಕಿತ್ತಳೆಯಾಗಿಯೇ ಉಳಿದುಬಿಡುತ್ತದೆ.

ಹಾಗಾದರೆ ವಿಷ ಯಾವುದು?

ಸಿಟ್ರಿನಿನ್. 1931ರಲ್ಲಿ ಪೆನಿಸಿಲಿಯಂ ಸಿಟ್ರಿನಮ್ ಎಂಬ ಬೇರೊಂದು ಬೂಸ್ಟಿನಿಂದ ಹೆದರಿಂಗ್ಟನ್ ಮತ್ತು ರೈಸ್ಟ್ರಿಕ್ ಇದನ್ನು ಮೊದಲು ಬೇರ್ಪಡಿಸಿದರು. ಮೊನಾಸ್ಕಸ್‌ನಲ್ಲಿ ಮೊನಾಸ್ಕಿಡಿನ್-ಎ ಎಂಬ ಪದಾರ್ಥ ಇದೆ, ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂದು ಬಹುಕಾಲ ಗೊತ್ತಿತ್ತು, ಒಳ್ಳೆಯ ಗುಣವೆಂದೇ ಎಣಿಸಿದ್ದರು. ಫ್ರಾನ್ಸಿನಲ್ಲಿ ಬ್ಲಾಂಕ್ ಮತ್ತು ಸಂಗಡಿಗರು 1995ರಲ್ಲಿ ಅದು ಸಿಟ್ರಿನಿನ್ನೇ ಎಂದು ತೋರಿಸಿದರು. ಅಲ್ಲಿಂದ ಈ ಉದ್ಯಮದ ಲೆಕ್ಕಾಚಾರವೇ ಬದಲಾಯಿತು. ಸಿಟ್ರಿನಿನ್ ಮುಖ್ಯವಾಗಿ ಹೊಡೆಯುವುದು ಮೂತ್ರಪಿಂಡಕ್ಕೆ, ಅದರಲ್ಲೂ ಅಲ್ಲಿನ ಸೂಕ್ಷ್ಮ ನಳಿಕೆಗಳಿಗೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಹೇಳಲು ಪುರಾವೆ ಸಾಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 3ನೇ ಗುಂಪಿನಲ್ಲಿ ಇಟ್ಟಿದೆ. ಅದನ್ನು ಸುರಕ್ಷತೆಯ ಪ್ರಮಾಣಪತ್ರ ಎಂದು ಓದಬಾರದು.

ಬಣ್ಣ ಗಾಢವಾಗಿದ್ದರೆ ವಿಷವೂ ಹೆಚ್ಚು ಎಂದೇ?

ಹಾಗೆ ಹೇಳಲಾಗದು. ತಿಳಿಯಾಗಿದ್ದರೆ ಕಡಿಮೆ ಎಂದೂ ಹೇಳಲಾಗದು. ಬಣ್ಣ, ಸಿಟ್ರಿನಿನ್ ಎರಡೂ ಪಾಲಿಕೀಟೈಡ್ ಎಂಬ ಒಂದೇ ಬಗೆಯ ಹಾದಿಯಲ್ಲಿ ತಯಾರಾಗುತ್ತವೆ. ಇಬ್ಬರಿಗೂ ಕಚ್ಚಾ ಸಾಮಗ್ರಿ ಒಂದೇ. ಆದರೆ ಅವುಗಳನ್ನು ಕಟ್ಟುವ ಜೀನ್‌ಗಳ ಗುಂಪು ಬೇರೆ ಬೇರೆ. ಸಿಟ್ರಿನಿನ್ ಕಟ್ಟುವ ಮುಖ್ಯ ಜೀನ್ ಪಿಕೆಎಸ್-ಸಿಟಿಯನ್ನು 2005ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದರು. ಎರಡು ದಾರಿಗಳು ಬೇರೆ ಆಗಿರುವುದರಿಂದಲೇ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಡಲು ಸಾಧ್ಯ. ಅದೇ ಕಾರಣಕ್ಕೆ ಬಣ್ಣ ನೋಡಿ ವಿಷ ಅಳೆಯಲು ಬರುವುದಿಲ್ಲ. ಶುದ್ಧ ಸಿಟ್ರಿನಿನ್ ನಿಂಬೆಹಳದಿ ಹರಳು. ಕಡುಗೆಂಪು ಅಕ್ಕಿಯ ನಡುವೆ ಅಷ್ಟು ಸೂಕ್ಷ್ಮ ಪ್ರಮಾಣದ ಹಳದಿಯನ್ನು ಯಾವ ಕಣ್ಣೂ ಹಿಡಿಯದು. ಮೂಗು, ನಾಲಿಗೆಯೂ ಅಷ್ಟೇ.

ತಯಾರಿಸುವ ಕ್ರಮ ಹೇಗಿರುತ್ತದೆ?

ಅಕ್ಕಿಯನ್ನು ರಾತ್ರಿ ನೆನೆಸಿ, ನೀರು ಬಸಿದು, ಹಬೆಯಲ್ಲಿ ಬೇಯಿಸುತ್ತಾರೆ. ಮೆತ್ತಗಾಗಬಾರದು, ಕಾಳು ಕಾಳು ಉದುರಬೇಕು. ಮುದ್ದೆಯಾದ ಅನ್ನದೊಳಗೆ ಗಾಳಿ ಆಡುವುದಿಲ್ಲ, ಅಲ್ಲಿ ಬೂಸ್ಟಿಗಿಂತ ಮೊದಲು ಬ್ಯಾಕ್ಟೀರಿಯಾ ಕೂರುತ್ತದೆ. ಆರಿದ ಮೇಲೆ ಶುದ್ಧ ಮೊನಾಸ್ಕಸ್ ಬೀಜವನ್ನು ಬೆರೆಸಿ, ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವದ ಗಾಳಿಯಲ್ಲಿ ಇಡುತ್ತಾರೆ. ನೀರಿಗೆ ಸ್ವಲ್ಪ ಅಸಿಟಿಕ್ ಆಮ್ಲ ಸೇರಿಸಿ ಹುಳಿ ಮಾಡುವುದು ರೂಢಿ. ಮೊನಾಸ್ಕಸ್ ಹುಳಿಯನ್ನು ತಾಳಿಕೊಳ್ಳುತ್ತದೆ, ಅನೇಕ ಬ್ಯಾಕ್ಟೀರಿಯಾ ತಾಳವು. ಹಳೆಯ ಚೀನೀ ಕ್ರಮದಲ್ಲಿ ಈ ಕೆಲಸಕ್ಕೆ ಪಟಿಕದ (ಆಲಂ) ನೀರನ್ನೂ ಬಳಸುತ್ತಿದ್ದರು.

ಮೊದಲು ಕಾಳಿನ ಸುತ್ತ ಬಿಳಿ ನೂಲು. ಮೂರನೆಯ ದಿನದ ಹೊತ್ತಿಗೆ ಅಲ್ಲಲ್ಲಿ ಗುಲಾಬಿ. ಆಮೇಲೆ ರಾಶಿ ತನ್ನಷ್ಟಕ್ಕೇ ಬಿಸಿಯಾಗತೊಡಗುತ್ತದೆ, ಏಕೆಂದರೆ ಬೂಸ್ಟು ಉಸಿರಾಡಿ ಶಾಖ ಬಿಡುತ್ತಿರುತ್ತದೆ. ಆಗ ಕೈಯಾಡಿಸಿ, ತೆಳುವಾಗಿ ಹರಡಿ, ಒಣಗುತ್ತಿದ್ದರೆ ನೀರು ಚಿಮುಕಿಸಬೇಕು. ಒಂದೆರಡು ವಾರದಲ್ಲಿ ಕಾಳು ನೇರಳೆಗೆ ಹತ್ತಿರದ ಕೆಂಪಾಗುತ್ತದೆ. ಒಂದು ಕಾಳನ್ನು ಉಗುರಿನಲ್ಲಿ ಮುರಿದು ನೋಡಿದರೆ ಒಳತಿರುಳಿನವರೆಗೂ ಕೆಂಪಿರಬೇಕು. ನಡುವೆ ಬಿಳಿ ಉಳಿದಿದ್ದರೆ ನೂಲು ಒಳಹೊಕ್ಕಿಲ್ಲ ಎಂದರ್ಥ. ಕೊನೆಗೆ ಹದವಾದ ಬಿಸಿಯಲ್ಲಿ ಒಣಗಿಸಿ, ಪುಡಿ ಮಾಡಿ, ಬೇಕಾದರೆ ಎಥನಾಲ್‌ನಿಂದ ಬಣ್ಣ ಇಳಿಸುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ದ್ರವ ಮಾಧ್ಯಮದ ಟ್ಯಾಂಕುಗಳಲ್ಲೂ ಬೆಳೆಸುತ್ತಾರೆ. ಬಣ್ಣದ ಶಕ್ತಿಯನ್ನು ಅಳೆಯುವುದು ಅದು ಹೀರುವ ಬೆಳಕನ್ನು ಲೆಕ್ಕಹಾಕುವ ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ: ಕೆಂಪಿಗೆ 500 ನ್ಯಾನೊಮೀಟರ್ ಅಲೆಯುದ್ದದ ಆಸುಪಾಸು, ಹಳದಿಗೆ 400ರ ಸುತ್ತ.

ಸಿಟ್ರಿನಿನ್ ಕಡಿಮೆ ಮಾಡಲು ಏನೇನು ಮಾಡುತ್ತಾರೆ?

ಮೊದಲನೆಯದು, ಮತ್ತು ನನ್ನ ಪ್ರಕಾರ ಉಳಿದದ್ದಕ್ಕೆಲ್ಲ ಬುನಾದಿ, ತಳಿಯ ಆಯ್ಕೆ. ಮೊನಾಸ್ಕಸ್ ಪರ್ಪ್ಯೂರಿಯಸ್ ತಳಿಗಳಲ್ಲಿ ಸಿಟ್ರಿನಿನ್ ಜೀನ್‌ಗಳು ಸಾಮಾನ್ಯವಾಗಿ ಇರುತ್ತವೆ. ಮೊನಾಸ್ಕಸ್ ಪೈಲೋಸಸ್‌ನಲ್ಲಿ ಪಿಕೆಎಸ್-ಸಿಟಿ ಜೀನ್ ಕಾಣುವುದಿಲ್ಲ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಜಪಾನಿನ ತಯಾರಕರು ಪೈಲೋಸಸ್ ಕಡೆ ವಾಲಿದ್ದಕ್ಕೆ ಇದೂ ಒಂದು ಸಮರ್ಥನೆ. ಮೊನಾಸ್ಕಸ್ ರೂಬರ್ ಮಾತ್ರ ಗೊಂದಲದ ಗಿರಾಕಿ: ಕೆಲವು ತಳಿ ವಿಷ ಮಾಡುತ್ತವೆ, ಕೆಲವು ಇಲ್ಲ. ಹಾಗಾಗಿ ಪ್ರಭೇದದ ಹೆಸರು ಕೇಳಿ ಸುಮ್ಮನಾಗಬೇಡಿ, ತಳಿ ಸಂಖ್ಯೆ ಕೇಳಿ, ಅದರ ಪರೀಕ್ಷಾ ವರದಿ ಕೇಳಿ.

ಎರಡನೆಯದು ಜೀನ್ ತೆಗೆಯುವುದು. ಪಿಕೆಎಸ್-ಸಿಟಿಯನ್ನು ಕೆಡಿಸಿದರೆ ಸಿಟ್ರಿನಿನ್ ಬಹುತೇಕ ನಿಂತುಹೋಗುತ್ತದೆ, ಬಣ್ಣ ಉಳಿಯುತ್ತದೆ ಎಂದು ಚೀನಾದ ಪ್ರಯೋಗಾಲಯಗಳು ತೋರಿಸಿವೆ. ಆದರೆ ಜೀನ್ ಬದಲಿಸಿದ ಸೂಕ್ಷ್ಮಜೀವಿಯ ಉತ್ಪನ್ನವನ್ನು ಆಹಾರಕ್ಕೆ ತರುವುದು ಪರವಾನಗಿಯ ಬೇರೆಯದೇ ಯುದ್ಧ. ಹಳೆಯ ದಾರಿಯೂ ಇದೆ: ಅತಿನೇರಳೆ ಕಿರಣ ಬಿಟ್ಟು ರೂಪಾಂತರಗೊಂಡ ಸಾವಿರಾರು ವಸಾಹತುಗಳಲ್ಲಿ ವಿಷ ಮಾಡದ್ದನ್ನು ಹುಡುಕುವುದು. ಬೇಸರದ ಕೆಲಸ, ಆದರೆ ನಡೆಯುತ್ತದೆ.

ಮೂರನೆಯದು ಊಟ, ಗಾಳಿ, ಆಮ್ಲತೆ. ಮೊನಾಸ್ಕಸ್ ರೂಬರ್ ಮೇಲೆ ಫ್ರಾನ್ಸಿನಲ್ಲಿ ನಡೆದ ಕೆಲಸದಲ್ಲಿ ಗ್ಲುಟಮೇಟ್ ಬದಲು ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಕೊಟ್ಟಾಗ ಸಿಟ್ರಿನಿನ್ ಬಹಳವಾಗಿ ಇಳಿಯಿತು. ಹಿಸ್ಟಿಡಿನ್ ಒಡೆಯುವಾಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್, ಪೆರಾಕ್ಸಿಡೇಸ್ ಕಿಣ್ವದ ಜೊತೆ ಸೇರಿ ಸಿಟ್ರಿನಿನ್ನನ್ನು ಸುಡುತ್ತದೆ ಎನ್ನುವುದು ಅವರ ವಿವರಣೆ. ಅದೇ ಗುಂಪು ಆಕ್ಟನೊಯೇಟ್‌ನಂಥ ಮಧ್ಯಮ ಸರಪಳಿಯ ಕೊಬ್ಬಿನಾಮ್ಲ ಸೇರಿಸಿಯೂ ವಿಷ ಇಳಿಸಿತು. ದ್ರವ ಮಾಧ್ಯಮದಲ್ಲಿ ಗಾಳಿ ಅತಿಯಾದರೆ ಬಣ್ಣದೊಂದಿಗೆ ಸಿಟ್ರಿನಿನ್ನೂ ಏರುತ್ತದೆ, ಅದೂ ಬಣ್ಣಕ್ಕಿಂತ ವೇಗವಾಗಿ. ಇಲ್ಲೊಂದು ಎಚ್ಚರಿಕೆ: ಇಂಥ ಉಪಾಯಗಳು ಒಂದು ತಳಿಗೆ ಒಗ್ಗಿದರೆ ಇನ್ನೊಂದಕ್ಕೆ ಒಗ್ಗಲೇಬೇಕೆಂದಿಲ್ಲ. ಪೇಪರ್ ಓದಿ ಅದೇ ಪ್ರಮಾಣ ನಿಮ್ಮ ತಳಿಗೂ ಹಾಕಿ, ಅಳೆಯದೆ ‘ಸಿಟ್ರಿನಿನ್ ಮುಕ್ತ’ ಎಂದು ಲೇಬಲ್ ಅಂಟಿಸುವುದು ವಿಜ್ಞಾನವಲ್ಲ, ಜೂಜು.

ಬೇಯಿಸಿದರೆ, ತೊಳೆದರೆ ಹೋಗುವುದಿಲ್ಲವೇ?

ಒಣ ಸ್ಥಿತಿಯಲ್ಲಿ ಸಿಟ್ರಿನಿನ್ ಒಡೆಯಲು ಸುಮಾರು 175 ಡಿಗ್ರಿ ಬೇಕು, ನೀರಿದ್ದರೆ ಸುಮಾರು 140. ಮನೆಯ ಕುಕ್ಕರ್ ಅಷ್ಟು ಬಿಸಿಯಾಗುವುದಿಲ್ಲ. ಒಡೆದರೂ ಕಥೆ ಮುಗಿಯಲಿಲ್ಲ. ಒಡೆದ ತುಣುಕುಗಳಲ್ಲಿ ಸಿಟ್ರಿನಿನ್ ಎಚ್2 ಮೂಲಕ್ಕಿಂತ ಸೌಮ್ಯ, ಆದರೆ ಸಿಟ್ರಿನಿನ್ ಎಚ್1 ಜೀವಕೋಶಗಳಿಗೆ ಮೂಲಕ್ಕಿಂತ ಹೆಚ್ಚು ಹಾನಿಕರ. ಜೊತೆಗೆ ಅಷ್ಟು ಕಾಯಿಸಿದರೆ ಬಣ್ಣವೂ ಮಂಕಾಗುತ್ತದೆ. ದ್ರಾವಕ ಬಳಸಿ ಸಿಟ್ರಿನಿನ್ನನ್ನು ಬೇರ್ಪಡಿಸುವ ವಿಧಾನಗಳಿವೆ, ಅವು ಕಾರ್ಖಾನೆಗೆ. ಹುಟ್ಟಿದ ಮೇಲೆ ತೆಗೆಯುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದೇ ಅಗ್ಗ.

ಎಷ್ಟಿದ್ದರೆ ಪರವಾಗಿಲ್ಲ?

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲಿ ಹೇಳಿದ್ದು: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.2 ಮೈಕ್ರೊಗ್ರಾಂವರೆಗೆ ಮೂತ್ರಪಿಂಡದ ಮಟ್ಟಿಗೆ ಚಿಂತೆಯಿಲ್ಲ. 60 ಕಿಲೋ ತೂಕದವರಿಗೆ 12 ಮೈಕ್ರೊಗ್ರಾಂ. ಕಿಲೋಗೆ 10 ಮಿಲಿಗ್ರಾಂ ಸಿಟ್ರಿನಿನ್ ಇರುವ ಅಕ್ಕಿಯಾದರೆ ಬರೀ 3 ಗ್ರಾಂ ತಿಂದರೂ 30 ಮೈಕ್ರೊಗ್ರಾಂ ಹೊಟ್ಟೆಗೆ ಹೋಯಿತು. ಆದರೆ ವಂಶವಾಹಿಗೆ ಹಾನಿ, ಕ್ಯಾನ್ಸರ್ ಇವುಗಳ ಸಾಧ್ಯತೆಯನ್ನು ಆ ಮಟ್ಟದಲ್ಲೂ ತಳ್ಳಿಹಾಕಲಾಗದು ಎಂದು ಅದೇ ಸಂಸ್ಥೆ ಸೇರಿಸಿತು. ಕೆಂಪು ಅಕ್ಕಿಯ ಪೂರಕ ಮಾತ್ರೆಗಳಿಗೆ ಯುರೋಪ್ 2014ರಲ್ಲಿ ಇಟ್ಟ ಮಿತಿ ಕಿಲೋಗೆ 2000 ಮೈಕ್ರೊಗ್ರಾಂ. 2019ರ ನಿಯಮ ಅದನ್ನು 100ಕ್ಕೆ ಇಳಿಸಿತು, ಇಪ್ಪತ್ತನೇ ಒಂದು ಭಾಗಕ್ಕೆ. ಮೊನಾಸ್ಕಸ್ ಬಣ್ಣಕ್ಕೆ ಜಪಾನಿನ ಮಿತಿ ಗ್ರಾಮಿಗೆ 0.2 ಮೈಕ್ರೊಗ್ರಾಂ, ಅಂದರೆ ಕಿಲೋಗೆ 200.

ಜಪಾನಿನಲ್ಲಿ ಜನ ಆಸ್ಪತ್ರೆ ಸೇರಿದರಲ್ಲ, ಅದು ಸಿಟ್ರಿನಿನ್ನಿಂದಲೇ?

ಅಲ್ಲ. ಈ ಪ್ರಕರಣವನ್ನು ಗಮನವಿಟ್ಟು ಓದಬೇಕು. 2024ರ ಮಾರ್ಚ್‌ನಲ್ಲಿ ಒಸಾಕಾದ ಕೊಬಯಾಶಿ ಫಾರ್ಮಾಸ್ಯುಟಿಕಲ್ ತನ್ನ ಬೆನಿಕೋಜಿ ಪೂರಕಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಿತು. ಸೇವಿಸಿದ ನೂರಾರು ಮಂದಿ ಮೂತ್ರಪಿಂಡದ ತೊಂದರೆಯಿಂದ ಆಸ್ಪತ್ರೆ ಸೇರಿದ್ದರು, ಸಾವುಗಳೂ ವರದಿಯಾಗಿ ತನಿಖೆಗೆ ಒಳಪಟ್ಟವು. ಅವರು ಬಳಸಿದ್ದು ಸಿಟ್ರಿನಿನ್ ಮಾಡದ ಪೈಲೋಸಸ್ ತಳಿಯನ್ನೇ. ಪರೀಕ್ಷೆಯಲ್ಲಿ ಸಿಗಬಾರದ ಇನ್ನೊಂದು ಪದಾರ್ಥ ಸಿಕ್ಕಿತು: ಪ್ಯುಬೆರುಲಿಕ್ ಆಮ್ಲ. ಪೆನಿಸಿಲಿಯಂ ಅಡಮೆಟ್ಜಿಯೊಯ್ಡಿಸ್ ಎಂಬ ನೀಲಿ ಬೂಸ್ಟು ತಯಾರಿಕೆಯ ಜಾಗದಲ್ಲೇ ಕಂಡುಬಂತು, ಆಮ್ಲ ಅದರದ್ದು. ಇಲಿಗಳ ಮೇಲಿನ ಪ್ರಯೋಗದಲ್ಲಿ ಅದು ಮೂತ್ರಪಿಂಡವನ್ನು ಹಾಳು ಮಾಡಿತು.

ತಳಿ ಸರಿಯಿತ್ತು, ಸಿಟ್ರಿನಿನ್ ಇರಲಿಲ್ಲ, ಆದರೂ ಅನಾಹುತ. ಮೊನಾಸ್ಕಸ್ ನಿಧಾನವಾಗಿ ಬೆಳೆಯುವ ಬೂಸ್ಟು, ಬೆಚ್ಚಗಿನ ತೇವದ ಅನ್ನ ದಿನಗಟ್ಟಲೆ ತೆರೆದಿರುತ್ತದೆ. ಕೋಣೆಯ ಗೋಡೆ, ಒಣಗಿಸುವ ಯಂತ್ರ, ಕೆಲಸಗಾರರ ಬಟ್ಟೆ ಎಲ್ಲಿಂದಲಾದರೂ ಇನ್ನೊಂದು ಬೀಜಕ ಬಂದು ಕೂರಬಹುದು. ಪಟ್ಟಿಯಲ್ಲಿರುವ ವಿಷವನ್ನಷ್ಟೇ ಹುಡುಕುವ ಪರೀಕ್ಷೆ ಪಟ್ಟಿಯಲ್ಲಿಲ್ಲದ್ದನ್ನು ಕಾಣುವುದಿಲ್ಲ. ಪ್ರತಿ ಬ್ಯಾಚಿನ ಕ್ರೊಮ್ಯಾಟೊಗ್ರಾಂ (ಸರಕಿನಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಶಿಖರಗಳಾಗಿ ತೋರಿಸುವ ನಕ್ಷೆ) ಹಿಂದಿನದರಂತೆಯೇ ಇದೆಯೇ, ಹೊಸದೊಂದು ಶಿಖರ ಎದ್ದಿದೆಯೇ ಎಂದು ಹೋಲಿಸಿ ನೋಡುವ ಅಭ್ಯಾಸ ಅದಕ್ಕೇ ಬೇಕು.

ಕೊಲೆಸ್ಟರಾಲ್ ಇಳಿಸಲು ಇದನ್ನೇ ಮಾತ್ರೆಯಾಗಿ ತಗೊಳ್ಳುತ್ತಾರಲ್ಲ?

ಅದು ಬಣ್ಣಕ್ಕಲ್ಲ, ಮೊನಾಸ್ಕಸ್ ಮಾಡುವ ಮೊನಾಕೊಲಿನ್-ಕೆ ಎಂಬ ಪದಾರ್ಥಕ್ಕಾಗಿ. ಜಪಾನಿನ ಅಕಿರಾ ಎಂಡೊ 1979ರಲ್ಲಿ ಮೊನಾಸ್ಕಸ್ ರೂಬರ್‌ನಿಂದ ಅದನ್ನು ತೆಗೆದರು. 1987ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಬಂದ ಲೊವಸ್ಟಾಟಿನ್ ಕೂಡ ಅದೇ ಅಣು. ಅಂದರೆ ‘ನೈಸರ್ಗಿಕ’ ಎಂದು ತಗೊಳ್ಳುವುದು ನಿಜದಲ್ಲಿ ಒಂದು ಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಔಷಧಿ), ಅದೂ ಪ್ರಮಾಣ ಗೊತ್ತಿಲ್ಲದೆ. ಅಮೆರಿಕದಲ್ಲಿ 12 ಉತ್ಪನ್ನಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊನಾಕೊಲಿನ್ ಪ್ರಮಾಣ ಒಂದಕ್ಕೂ ಇನ್ನೊಂದಕ್ಕೂ ತಾಳೆಯೇ ಇರಲಿಲ್ಲ, 4ರಲ್ಲಿ ಸಿಟ್ರಿನಿನ್ ಹೆಚ್ಚಿತ್ತು. ಈಗಾಗಲೇ ಸ್ಟಾಟಿನ್ ತಗೊಳ್ಳುವವರು, ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಣ್ಣಕ್ಕೆಂದು ಬೆಳೆಸುವ ತಳಿಯಲ್ಲಿ ಮೊನಾಕೊಲಿನ್ನೂ ಕಡಿಮೆ ಇರುವುದು ಒಳ್ಳೆಯದು.

ಬೇರೆ ಶಿಲೀಂಧ್ರಗಳಿಲ್ಲವೇ?

ಇವೆ, ಕೆಲವು ಮೊನಾಸ್ಕಸ್‌ಗಿಂತ ನೆಮ್ಮದಿಯವು. ಬ್ಲೇಕ್ಸ್‌ಲಿಯಾ ಟ್ರೈಸ್ಪೋರಾ ಬೀಟಾ ಕ್ಯಾರೊಟಿನ್ ಮಾಡುತ್ತದೆ. ಇದರ ಎರಡು ‘ಲಿಂಗ’ಗಳನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸಿ ಬೆಳೆಸಿದಾಗ ಟ್ರೈಸ್ಪೋರಿಕ್ ಆಮ್ಲಗಳು ಹುಟ್ಟಿ ಕ್ಯಾರೊಟಿನ್ ಹಲವು ಪಟ್ಟು ಏರುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಕೋಡೆಕ್ಸ್ ಪಟ್ಟಿಯಲ್ಲಿ ಇದು ಐಎನ್‌ಎಸ್ 160ಎ(3). ಹತ್ತಿಗೆ ರೋಗ ತರುವ ಆಶ್ಬಿಯಾ ಗಾಸಿಪಿ ಹಳದಿ ರೈಬೊಫ್ಲಾವಿನ್ ಕೊಡುತ್ತದೆ, ಜರ್ಮನಿಯ ಕಂಪನಿ ಬಿಎಎಸ್‌ಎಫ್ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದೆ. ಇಂಡೊನೇಷ್ಯಾದಲ್ಲಿ ಕಡಲೆಕಾಯಿ ಹಿಂಡಿಯ ಮೇಲೆ ನ್ಯೂರೊಸ್ಪೊರಾ ಬೆಳೆಸಿ ಒಂಚೊಮ್ ಎಂಬ ಕಿತ್ತಳೆ ಬಣ್ಣದ ಆಹಾರ ಮಾಡುತ್ತಾರೆ.

ಕೆಂಪಿಗೆ ಮೊನಾಸ್ಕಸ್ ಬದಲು ಹುಡುಕುವವರ ಕಣ್ಣು ಟ್ಯಾಲರೊಮೈಸಿಸ್ ಮೇಲಿದೆ. ಇಲ್ಲಿಯೂ ಹುಷಾರು. ಟ್ಯಾಲರೊಮೈಸಿಸ್ ಪರ್ಪ್ಯೂರೊಜಿನಸ್ ಸೊಗಸಾದ ಕೆಂಪು ಕೊಡುತ್ತದೆ, ಜೊತೆಗೆ ಯಕೃತ್ತಿಗೆ ವಿಷವಾದ ರುಬ್ರಾಟಾಕ್ಸಿನ್ನನ್ನೂ. ಅದರ ಸಂಬಂಧಿ ಟ್ಯಾಲರೊಮೈಸಿಸ್ ಆಟ್ರೊರೋಸಿಯಸ್ ಕೆಂಪು ಮಾಡುತ್ತದೆ, ಗೊತ್ತಿರುವ ವಿಷಗಳನ್ನು ಮಾಡುವುದಿಲ್ಲ. 2013ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದ ತಂಡದ ಮುಂದಾಳುಗಳು ಡೆನ್ಮಾರ್ಕಿನವರು.

ಭಾರತದಲ್ಲಿ ಮೊನಾಸ್ಕಸ್ ಬಣ್ಣ ಹಾಕಬಹುದೇ?

ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2011ರ ನಿಯಮಗಳಲ್ಲಿ ಹೆಸರಿಸಿದ ನೈಸರ್ಗಿಕ ಬಣ್ಣಗಳು ಕ್ಯಾರೊಟಿನ್, ಕ್ಲೋರೊಫಿಲ್, ರೈಬೊಫ್ಲಾವಿನ್, ಕ್ಯಾರಮೆಲ್, ಅನ್ನಾಟೊ, ಕೇಸರಿ, ಅರಿಸಿನದ ಕರ್ಕ್ಯುಮಿನ್. ಮೊನಾಸ್ಕಸ್ ಅದರಲ್ಲಿಲ್ಲ. ಅಮೆರಿಕ, ಯುರೋಪ್‌ಗಳೂ ಅದನ್ನು ಆಹಾರದ ಬಣ್ಣವಾಗಿ ಒಪ್ಪಿಲ್ಲ. ಚೀನಾ, ಜಪಾನ್ ಒಪ್ಪಿವೆ. ಆದ್ದರಿಂದ ಹೋಟೆಲಿನವರು ಕೇಳಿದರೆ ನನ್ನ ಉತ್ತರ: ಕಬಾಬ್‌ಗೆ ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿ. ಬಣ್ಣವೂ ಬರುತ್ತದೆ, ಇನ್‌ಸ್ಪೆಕ್ಟರ್ ಬಂದಾಗ ಬೆವರಬೇಕಾಗಿಯೂ ಇಲ್ಲ.

ನಮ್ಮಲ್ಲಿ ಸಂಶೋಧನೆ ನಡೆದಿದೆಯೇ?

ನಡೆದಿದೆ. ಮೈಸೂರಿನ ಸಿಎಫ್‌ಟಿಆರ್‌ಐ ಮೊನಾಸ್ಕಸ್ ಮೇಲೆ ಕೆಲಸ ಮಾಡಿದೆ; ಅಲ್ಲಿನವರು ರಾಗಿಯ ಮೇಲೂ ಅದನ್ನು ಬೆಳೆಸಿ ಫಲಿತಾಂಶ ಪ್ರಕಟಿಸಿದ್ದಾರೆ, ಬಣ್ಣಕ್ಕಲ್ಲ, ಕೊಲೆಸ್ಟರಾಲ್ ಇಳಿಸುವ ಪದಾರ್ಥಕ್ಕೆ. ತಿರುವನಂತಪುರದ ಸಿಎಸ್‌ಐಆರ್ ಪ್ರಯೋಗಾಲಯ ಹಲಸಿನ ಬೀಜದ ಪುಡಿಯ ಮೇಲೆ ಬೆಳೆಸಿ ಬಣ್ಣ ತೆಗೆದದ್ದು 2006ರಲ್ಲಿ ಪ್ರಕಟವಾಯಿತು. ಪಿಷ್ಟ ಹೇರಳವಾಗಿರುವ ಆ ಬೀಜ ಮಲೆನಾಡಿನಲ್ಲಿ ಮಳೆಗಾಲಕ್ಕೆ ರಾಶಿ ರಾಶಿ ಕೊಳೆಯುತ್ತದೆ ಎನ್ನುವುದನ್ನು ನೆನೆದರೆ, ಈ ದಾರಿ ಇನ್ನಷ್ಟು ದೂರ ಹೋಗಬೇಕಿತ್ತು ಅನ್ನಿಸುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದೇ?

ಬಣ್ಣ ನೋಡಿ ಖುಷಿಪಡಲು, ಬಟ್ಟೆ ಅದ್ದಲು ಮಾಡಿ. ತಿನ್ನಲು ಬೇಡ. ಆನ್‌ಲೈನಿನಲ್ಲಿ ತರಿಸಿದ ಕೆಂಪು ಅಕ್ಕಿಯನ್ನೇ ಬೀಜವಾಗಿ ಹಾಕಿದರೆ ಅದರ ತಳಿ ಯಾವುದೆಂದು ನಿಮಗೆ ಗೊತ್ತಿರುವುದಿಲ್ಲ. ಅಕ್ಕಿಯಲ್ಲಿ ಮೊದಲೇ ಇರುವ ಆಸ್ಪರ್ಜಿಲ್ಲಸ್ ಬೀಜಕಗಳು ಮೊಳೆತರೆ ಅಫ್ಲಾಟಾಕ್ಸಿನ್ ಎಂಬ ವಿಷ ಬೇರೆ. ಹಸಿರು, ಕಪ್ಪು ಚುಕ್ಕೆ ಕಂಡರೆ ಆರಿಸಿ ತೆಗೆದು ಉಳಿದದ್ದನ್ನು ಬಳಸೋಣ ಎನ್ನಬೇಡಿ, ಇಡೀ ತಟ್ಟೆ ಹೋಗಬೇಕು.

ಪರೀಕ್ಷೆಗೆ ಸ್ಯಾಂಪಲ್ ಕಳಿಸುವಾಗ ಏನು ನೋಡಬೇಕು?

ಮೇಲಿನ ಪದರದಿಂದ ಒಂದು ಹಿಡಿ ತೆಗೆದು ಕಳಿಸಬೇಡಿ. ವಿಷ ರಾಶಿಯಲ್ಲಿ ಸಮವಾಗಿ ಹರಡಿರುವುದಿಲ್ಲ. ಹಲವು ಕಡೆಯಿಂದ ತೆಗೆದು, ಒಟ್ಟಿಗೆ ನುಣ್ಣಗೆ ಪುಡಿ ಮಾಡಿ, ಅದರಿಂದ ಸ್ಯಾಂಪಲ್ ತೆಗೆಯಿರಿ. ಅದೇ ಪುಡಿಯ ಇನ್ನೊಂದು ಪಾಲನ್ನು ಮುದ್ರೆ ಹಾಕಿ ನಿಮ್ಮಲ್ಲೇ ಫ್ರೀಜರಿನಲ್ಲಿ ಇಟ್ಟುಕೊಳ್ಳಿ. ಸಿಟ್ರಿನಿನ್ ತಾನಾಗಿ ಹೊಳೆಯುವ ಅಣುವಾದ್ದರಿಂದ ಫ್ಲೋರೆಸೆನ್ಸ್ ಡಿಟೆಕ್ಟರ್ ಇರುವ ಎಚ್‌ಪಿಎಲ್‌ಸಿ ಅಥವಾ ಎಲ್‌ಸಿ-ಎಂಎಸ್/ಎಂಎಸ್ ಪರೀಕ್ಷಾಯಂತ್ರ ಯಾವುದಾದರೂ ಆಗುತ್ತದೆ, ಆದರೆ ಕಡುಬಣ್ಣ ಅಡ್ಡಬರುವುದರಿಂದ ಸ್ಯಾಂಪಲ್ ಶುದ್ಧೀಕರಣ ಹೇಗೆ ಮಾಡುತ್ತೀರಿ ಎಂದು ಲ್ಯಾಬಿನವರನ್ನು ಕೇಳಿ. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ ಅದರ ಪಕ್ಕದಲ್ಲಿ ಪತ್ತೆಯ ಕನಿಷ್ಠ ಮಿತಿ ಎಷ್ಟೆಂದು ಬರೆದಿರಬೇಕು. ಕಿಲೋಗೆ 1000 ಮೈಕ್ರೊಗ್ರಾಂ ಕೆಳಗೆ ಕಾಣದ ಯಂತ್ರ, 100ರ ಮಿತಿಯ ಸರಕಿಗೆ ‘ಪತ್ತೆಯಾಗಿಲ್ಲ’ ಎಂದು ಬರೆದುಕೊಟ್ಟರೆ ಆ ಹಾಳೆಯಿಂದ ಏನೂ ತಿಳಿಯುವುದಿಲ್ಲ.